ಸಹಿ ಜೇಡವನ್ನು ಗುರುತಿಸುವ ಹಾಗೆ ಫೋಟೊ ತೆಗೆಯುವುದು ಹೇಗೆ: ದೂರದಿಂದ ಹತ್ತಿರಕ್ಕೆ, ಒಂದೊಂದೇ ಹೆಜ್ಜೆ

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಜೇಡದ ಫೋಟೊಗಳು ಬರಲು ಶುರುವಾಗುತ್ತವೆ. ಹಿತ್ತಲಿನಲ್ಲಿ, ಕಾಫಿ ತೋಟದಲ್ಲಿ, ಗದ್ದೆಯ ಬದುವಿನಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಂಡ ಹಳದಿ ಪಟ್ಟೆಯ ಜೇಡ. ಬಲೆಯ ನಡುವೆ ದಪ್ಪ ಬಿಳಿ ದಾರದಲ್ಲಿ ಇಂಟು ಮಾರ್ಕು. ಸಹಿ ಜೇಡ ಎನ್ನುವುದು ಇದನ್ನೇ. ಜೊತೆಗೆ ಎರಡು ಪ್ರಶ್ನೆ: "ಇದು ಯಾವ ಜೇಡ? ವಿಷ ಇದೆಯಾ?"

ಎರಡನೆಯದಕ್ಕೆ ತಕ್ಷಣ ಉತ್ತರ ಕೊಡಬಹುದು. ಮನುಷ್ಯರಿಗೆ ಅಪಾಯ ಮಾಡುವಂಥ ವಿಷ ಇದಕ್ಕಿಲ್ಲ. ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚಬಹುದು, ಜೇನು ಚುಚ್ಚಿದ ಹಾಗೆ ಉರಿಯಬಹುದು, ಅಷ್ಟೆ. ಮೊದಲನೆಯ ಪ್ರಶ್ನೆಗೆ, ಅಂದರೆ ಸಹಿ ಜೇಡಗಳಲ್ಲಿ ಇದು ಯಾವ ಜಾತಿ ಎನ್ನುವುದಕ್ಕೆ, ಮಾತ್ರ ಆ ಫೋಟೊ ನೋಡಿ ಉತ್ತರ ಹೇಳಲು ಆಗುವುದಿಲ್ಲ. ಹತ್ತರಲ್ಲಿ ಎಂಟು ಫೋಟೊಗಳಲ್ಲಿ ಹಿಂದಿನ ಎಲೆ ಚೆನ್ನಾಗಿ ಕಾಣುತ್ತದೆ, ಜೇಡ ಮಸುಕಾಗಿರುತ್ತದೆ. ಉಳಿದ ಎರಡರಲ್ಲಿ ಬೆನ್ನು ಮಾತ್ರ ಇರುತ್ತದೆ, ಅದೂ ಫ್ಲ್ಯಾಶ್ ಬಿದ್ದು ಬೆಳ್ಳಗಾಗಿ.

ತಪ್ಪು ಫೋನಿನದಲ್ಲ. ಮಾಡುವ ಕ್ರಮದ್ದು. ಜೇಡ ಕಂಡ ಕೂಡಲೇ ನಾವು ಸೀದಾ ಅದರ ಹತ್ತಿರ ಹೋಗುತ್ತೇವೆ. ಅದು ಬಲೆ ಅಲುಗಾಡಿಸುತ್ತದೆ, ಆಮೇಲೆ ದಪ್ಪನೆ ಕೆಳಗೆ ಬಿದ್ದು ಮಾಯವಾಗುತ್ತದೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು. ಅದಕ್ಕೇ ಇಲ್ಲಿ ಎಲ್ಲವನ್ನೂ ದೂರದಿಂದ ಹತ್ತಿರಕ್ಕೆ ಬರುವ ಹಾಗೆ ಜೋಡಿಸಿದ್ದೇನೆ. ದಯವಿಟ್ಟು ಹಂತಗಳನ್ನು ಅದಲು ಬದಲು ಮಾಡಬೇಡಿ.

## ಏನೇನು ಬೇಕು, ಏನು ಬೇಡ

ಸಾಧಾರಣ ಫೋನ್ ಸಾಕು. ಅದರ ಜೊತೆ ಒಂದು ಕಪ್ಪು ಕೊಡೆ, 15 ಸೆಂಟಿಮೀಟರಿನ ಸ್ಕೇಲು, ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು. ಮೈಮುಚ್ಚುವ ಉದ್ದ ತೋಳಿನ ಅಂಗಿ, ಪ್ಯಾಂಟು, ಶೂ.

ಕೊಡೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬಲೆಯ ಹಿಂದೆ ಅರ್ಧ ಮೀಟರ್ ದೂರದಲ್ಲಿ ಕಪ್ಪು ಕೊಡೆ ಬಿಚ್ಚಿ ಹಿಡಿದರೆ ಬಲೆಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಫೋನಿನ ಫೋಕಸ್ ಹಿಂದಿನ ಗಿಡದ ಕಡೆಗೆ ಓಡುವುದೂ ನಿಲ್ಲುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಬೇಡವಾದದ್ದು: ಬಲೆ ಕಾಣಲಿ ಎಂದು ಉದುರಿಸುವ ಪೌಡರ್, ಇಬ್ಬನಿ ಬಿದ್ದ ಹಾಗೆ ಕಾಣಲಿ ಎಂದು ಸಿಂಪಡಿಸುವ ನೀರು, ಜೇಡವನ್ನು ತಿರುಗಿಸುವ ಕಡ್ಡಿ, ಹಿಡಿದಿಡುವ ಬಾಟಲಿ. ಪೌಡರ್ ಬಿದ್ದರೆ ಬಲೆಯ ಅಂಟು ಹೋಗುತ್ತದೆ. ಅಂಟಿಲ್ಲದ ಬಲೆಯಲ್ಲಿ ಅವತ್ತು ಜೇಡಕ್ಕೆ ಊಟ ಸಿಗುವುದಿಲ್ಲ. ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಕೂಡ ಮೊದಲ ದಿನಗಳಲ್ಲಿ ಬೇಡ. ಅದು ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಲು ಕೇಳುತ್ತದೆ. ಅಷ್ಟು ಹತ್ತಿರಕ್ಕೆ ಈ ಜೇಡ ಬಿಡುವುದಿಲ್ಲ.

## ಹಂತ 1: ಯಾವಾಗ, ಎಲ್ಲಿ ಹುಡುಕಬೇಕು

ದೊಡ್ಡ ಹೆಣ್ಣುಗಳು ಜಾಸ್ತಿ ಕಾಣುವುದು ಮಳೆಗಾಲದ ಕೊನೆಯಿಂದ ಚಳಿ ಹತ್ತುವವರೆಗೆ. ಆಗಸ್ಟ್‌ನಿಂದ ಡಿಸೆಂಬರ್ ಅಂತ ಇಟ್ಟುಕೊಳ್ಳಿ. ಹುಲ್ಲು ಬೆಳೆದಿರುತ್ತದೆ, ಮಿಡತೆ, ನೊಣ, ಚಿಟ್ಟೆ ತುಂಬಿರುತ್ತವೆ. ಬೇಟೆ ಇರುವ ಕಡೆ ಜೇಡ ಇದ್ದೇ ಇರುತ್ತದೆ.

ಬಿಸಿಲು ಬೀಳುವ ಬೇಲಿ, ಕತ್ತಾಳೆ, ಪಾಪಾಸುಕಳ್ಳಿ, ಲಂಟಾನ ಪೊದೆ, ಕಾಫಿ ಗಿಡಗಳ ನಡುವಿನ ಕಿಂಡಿ, ದಾಸವಾಳದ ಗಿಡ, ಭತ್ತದ ಗದ್ದೆಯ ಅಂಚು. ದಟ್ಟ ನೆರಳಿನ ಕಾಡಿನ ಒಳಗಿಗಿಂತ ಕಾಡಿನ ಅಂಚಿನಲ್ಲಿ ಹುಡುಕಿ. ಬಲೆ ಸಾಮಾನ್ಯವಾಗಿ ಮಂಡಿಯಿಂದ ಎದೆಯ ಎತ್ತರದೊಳಗೆ ಇರುತ್ತದೆ. ತಲೆ ಎತ್ತಿ ನಡೆದರೆ ನಿಮಗೆ ಒಂದೂ ಕಾಣುವುದಿಲ್ಲ.

ಹೊತ್ತು ಬೆಳಗ್ಗೆ 7ರಿಂದ 9. ಗಾಳಿ ಕಡಿಮೆ, ಬಿಸಿಲು ಓರೆ. ಈ ಜೇಡಗಳು ಹಗಲಿನಲ್ಲೇ ಬಲೆಯ ನಡುವೆ ಕೂರುತ್ತವೆ, ಬಲೆಯನ್ನು ಹೆಚ್ಚಾಗಿ ಬೆಳಕು ಹರಿಯುವ ಮೊದಲೇ ಹೊಸದಾಗಿ ಹೆಣೆದಿರುತ್ತವೆ. ಹಾಗಾಗಿ ಬೆಳಗ್ಗೆಯ ಬಲೆ ಹರಿದಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಬಲೆ ತೂತು ಬಿದ್ದಿರುತ್ತದೆ.

ಸೂರ್ಯನಿಗೆ ಎದುರಾಗಿ ನಡೆಯಿರಿ. ಎದುರು ಬೆಳಕಿನಲ್ಲಿ ಬಲೆ ಮಿಂಚುತ್ತದೆ. ಸೂರ್ಯ ಬೆನ್ನಿಗಿದ್ದರೆ ಬಲೆಯೊಳಗೇ ಮುಖ ಇಟ್ಟುಬಿಡುತ್ತೀರಿ.

ನಿಮ್ಮ ಜೀವಕ್ಕೂ ಎಚ್ಚರ. ಪೊದೆಗೆ ಕೈ ಹಾಕುವ ಮೊದಲು ಕಾಲ ಬುಡ ನೋಡಿ, ಹಾವಿರಬಹುದು. ಕಾಡಂಚಿನ ತೋಟಗಳಲ್ಲಿ ಬೇಲಿಯ ತಂತಿಗೆ ಕರೆಂಟು ಕೊಟ್ಟಿರುತ್ತಾರೆ, ಮಾಲೀಕರನ್ನು ಕೇಳದೆ ಮುಟ್ಟಬೇಡಿ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಭಯ ಇದೆ. ಅದು ಉಣುಗು ಕಚ್ಚಿ ಬರುವ ಕಾಯಿಲೆ. ಊರಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ಕಡೆ ಹೋಗಲೇಬೇಡಿ. ಎಲ್ಲಿಂದ ಬಂದರೂ ಮೈ ತಿಕ್ಕಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಹಾಕಿ.

## ಹಂತ 2: ಮುಂದೆ ಹೋಗುವ ಮೊದಲು ಇದು ಸಹಿ ಜೇಡವೇ ನೋಡಿ

ಎರಡು ಮೀಟರ್ ದೂರದಲ್ಲೇ ನಿಲ್ಲಿ. ಫೋನ್ ಜೇಬಿನಲ್ಲೇ ಇರಲಿ. ಸುಮ್ನೆ ಒಂದು ನಿಮಿಷ ನೋಡಿ.

ಸಹಿ ಜೇಡ ಎಂದು ನಾವು ಕರೆಯುವುದು ಆರ್ಗಿಯೋಪೆ ಎಂಬ ಕುಲದ ಜೇಡಗಳನ್ನು. ಪ್ರಪಂಚದ ಬಿಸಿ ನಾಡುಗಳಲ್ಲೆಲ್ಲ ಇದರ ಜಾತಿಗಳಿವೆ, ನಮ್ಮಲ್ಲೂ ಹಲವು. ಬಲೆ ನೆಟ್ಟಗೆ ನಿಂತಿರುತ್ತದೆ ಅಥವಾ ಸ್ವಲ್ಪ ವಾಲಿರುತ್ತದೆ, ಎತ್ತಿನ ಗಾಡಿಯ ಚಕ್ರದ ಹಾಗೆ. ನಟ್ಟ ನಡುವೆ ಜೇಡ ತಲೆ ಕೆಳಗಾಗಿ ನೇತಾಡುತ್ತದೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿಕೊಂಡಿರುವುದರಿಂದ ನಾಲ್ಕೇ ಕಾಲು ಇದ್ದ ಹಾಗೆ, ಇಂಟು ಆಕಾರದಲ್ಲಿ ಕಾಣುತ್ತದೆ. ತಲೆಯ ಭಾಗದ ಮೇಲೆ ಬೆಳ್ಳಿಯಂಥ ಕೂದಲು. ಹೊಟ್ಟೆಯ, ಅಂದರೆ ಹಿಂದಿನ ದಪ್ಪ ಭಾಗದ, ಬೆನ್ನಿನ ಮೇಲೆ ಹಳದಿ, ಬಿಳಿ, ಕಂದು, ಕೆಲವೊಮ್ಮೆ ಕಪ್ಪು ಅಡ್ಡ ಪಟ್ಟೆಗಳು.

ಬಿಳಿ ಅಂಕುಡೊಂಕು ದಾರ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಸಹಿ ಜೇಡ ಅಲ್ಲ ಎನ್ನಬೇಡಿ. ಒಂದೇ ಜೇಡ ಒಂದು ದಿನ ಇಂಟು ಮಾರ್ಕಿನ ನಾಲ್ಕೂ ಕೈ ಹೆಣೆಯುತ್ತದೆ, ಮರುದಿನ ಎರಡು, ಇನ್ನೊಂದು ದಿನ ಏನೂ ಇಲ್ಲ. ಮರಿಗಳು ಇಂಟು ಬದಲು ಬಿಳಿ ಬಿಲ್ಲೆಯಂಥ ಗುಂಡನೆಯ ಚಾಪೆ ಹೆಣೆಯುತ್ತವೆ. ಈ ದಾರ ಯಾಕೆ ಎಂಬ ಬಗ್ಗೆ ಜೇಡ ಓದಿದವರಲ್ಲೇ ಒಮ್ಮತ ಇಲ್ಲ. ಅತಿನೇರಳೆ ಬೆಳಕಿನಲ್ಲಿ ಹೊಳೆದು ಹುಳಗಳನ್ನು ಸೆಳೆಯಲು ಎನ್ನುತ್ತಾರೆ ಕೆಲವರು. ಹಕ್ಕಿ ಬಂದು ಬಲೆ ಹರಿಯದಿರಲಿ ಅಂತ, ವೈರಿಯ ಕಣ್ಣಿಗೆ ಜೇಡ ಬೇರೆ ಆಕಾರದಲ್ಲಿ ಕಾಣಲಿ ಅಂತ ಎನ್ನುವವರೂ ಇದ್ದಾರೆ.

ಗೊಂದಲ ಮಾಡುವ ಬೇರೆ ಜೇಡಗಳು ಇವು.

ಅಂಗೈಯಷ್ಟು ದೊಡ್ಡದು, ಚಿನ್ನದ ಬಣ್ಣದ ಬಲೆ, ಮರದಿಂದ ಮರಕ್ಕೆ ಹರಡಿದ್ದರೆ ಅದು ನೆಫಿಲಾ, ಕಾಡಿನ ದೊಡ್ಡ ಜೇಡ. ಮಲೆನಾಡಿನಿಂದ ಬರುವ "ಭಾರಿ ಸಹಿ ಜೇಡ" ಫೋಟೊಗಳಲ್ಲಿ ಹೆಚ್ಚಿನವು ಇದೇ. ಹೊಟ್ಟೆ ಅಗಲವಾಗಿ, ಗಟ್ಟಿಯಾಗಿ, ಅಂಚಿನಲ್ಲಿ ಮುಳ್ಳುಗಳಿದ್ದರೆ ಮುಳ್ಳು ಜೇಡ, ಗ್ಯಾಸ್ಟರಕ್ಯಾಂತ. ಬಲೆಯಲ್ಲಿ ಕಸದ ಗೆರೆ ಇದ್ದು ಅದರ ನಡುವೆ ಜೇಡ ಅಡಗಿದ್ದರೆ ಸೈಕ್ಲೋಸ. ಬಲೆ ಮಲಗಿಸಿದ ಹಾಗೆ ಇದ್ದು, ಉದ್ದನೆಯ ಹೊಟ್ಟೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಲ್ಯೂಕಾಜ್.

## ಹಂತ 3: ಹತ್ತಿರ ಹೋಗುವ ರೀತಿ

ಇಲ್ಲೇ ಎಲ್ಲರೂ ಎಡವುವುದು. ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಬಲೆಯ ಆಧಾರದ ಎಳೆಗಳು ಎಲ್ಲೆಲ್ಲಿ ಕಟ್ಟಿವೆ ನೋಡಿ. ಎಳೆಗಳು ಬಲೆಯಿಂದ ಒಂದು ಮೀಟರ್ ದೂರದ ಕೊಂಬೆಗೂ ಹೋಗಿರಬಹುದು. ನೀವು ಬಲೆ ಮುಟ್ಟಿಲ್ಲ ಅಂದುಕೊಳ್ಳುತ್ತೀರಿ, ಆದರೆ ಮೊಣಕೈ ಆ ಕೊಂಬೆಗೆ ತಾಗಿರುತ್ತದೆ. ಜೇಡಕ್ಕೆ ಎಂಟು ಕಣ್ಣಿದ್ದರೂ ಅದು ಪ್ರಪಂಚವನ್ನು ತಿಳಿಯುವುದು ಹೆಚ್ಚಾಗಿ ಕಾಲಿಗೆ ತಾಗುವ ನಡುಕದಿಂದ. ಕೊಂಬೆ ಅಲುಗಿದರೆ ಅದಕ್ಕೆ ಕದ ತಟ್ಟಿದ ಹಾಗೆ.

ಆಮೇಲೆ ನಿಮ್ಮ ನೆರಳು ನೋಡಿಕೊಳ್ಳಿ. ಬಿಸಿಲಿನಲ್ಲಿ ಕೂತ ಜೇಡದ ಮೇಲೆ ಥಟ್ಟನೆ ನೆರಳು ಬಿದ್ದರೆ ಅದು ಹಕ್ಕಿ ಬಂತು ಎಂದೇ ಹೆದರುತ್ತದೆ. ನೆರಳು ಪಕ್ಕಕ್ಕೆ ಬೀಳುವ ದಿಕ್ಕಿನಿಂದ ಬನ್ನಿ. ಎರಡು ಹೆಜ್ಜೆ ಇಡಿ, ನಿಲ್ಲಿ, ಹತ್ತು ಎಣಿಸಿ, ಮತ್ತೆ ಎರಡು ಹೆಜ್ಜೆ. ಬಲೆಯ ಮೇಲೆ ಉಸಿರು ಬಿಡಬೇಡಿ.

ಅದರ ಭಾಷೆ ಓದಲು ಕಲಿಯಿರಿ. ಕಾಲು ಜೋಡಿಸಿ ಅಲುಗಾಡದೆ ಕೂತಿದ್ದರೆ ನೆಮ್ಮದಿಯಾಗಿದೆ, ಮುಂದುವರಿಯಿರಿ. ಜೋಡಿಸಿದ ಕಾಲುಗಳನ್ನು ಬಿಡಿಸಿದರೆ ನಿಮ್ಮ ಇರವು ಗೊತ್ತಾಗಿದೆ, ಅಲ್ಲೇ ನಿಲ್ಲಿ. ಬಲೆಯನ್ನು ಜೋರಾಗಿ ಹಿಂದೆ ಮುಂದೆ ತೂಗಿದರೆ ಅದು ಕೊನೆಯ ಎಚ್ಚರಿಕೆ, ಒಂದು ಮೀಟರ್ ಹಿಂದೆ ಬನ್ನಿ. ಬಲೆಯ ಇನ್ನೊಂದು ಬದಿಗೆ ಸರಕ್ಕನೆ ಹೊರಳಿಕೊಂಡರೂ ಅದೇ ಅರ್ಥ.

ಕೆಳಗೆ ಬಿದ್ದೇ ಬಿಟ್ಟರೆ? ಹುಡುಕಲು ಹೋಗಬೇಡಿ. ಕಾಲಡಿ ಸಿಕ್ಕಿ ಸಾಯುವುದು ಹೀಗೇ. ಅದು ಬೀಳುವಾಗ ಒಂದು ಎಳೆ ಬಿಟ್ಟುಕೊಂಡೇ ಬಿದ್ದಿರುತ್ತದೆ, ಗದ್ದಲ ಅಡಗಿದ ಮೇಲೆ ಅದನ್ನೇ ಹಿಡಿದು ಮೇಲೆ ಹತ್ತುತ್ತದೆ. ಎರಡು ಮೀಟರ್ ಹಿಂದೆ ಸರಿದು ಕಾಲು ಗಂಟೆ ಕಾಯಿರಿ. ಅದೇ ಜೇಡ ಎರಡನೇ ಸಲವೂ ಬಿದ್ದರೆ ಅವತ್ತಿಗೆ ಅದನ್ನು ಬಿಟ್ಟುಬಿಡಿ. ಇನ್ನೊಂದು ಪೊದೆ ನೋಡಿ.

## ಹಂತ 4: ಐದು ಫೋಟೊ, ಇದೇ ಕ್ರಮದಲ್ಲಿ

ಮೊದಲು ಫ್ಲ್ಯಾಶ್ ಆಫ್ ಮಾಡಿ. ಬೆಳ್ಳಿ ಕೂದಲಿನ ಮೇಲೆ ಫ್ಲ್ಯಾಶ್ ಬಿದ್ದರೆ ತಲೆಯ ಭಾಗ ಬರೀ ಬಿಳಿ ಚುಕ್ಕೆಯಾಗುತ್ತದೆ. ಲೊಕೇಶನ್ ಆನ್ ಮಾಡಿ.

ಒಂದನೆಯದು: ಜಾಗ. ಎರಡು ಮೀಟರ್ ದೂರದಿಂದ ಗಿಡ, ಬಲೆ ಎಲ್ಲ ಸೇರಿಸಿ ಒಂದು ಫೋಟೊ. ಸುಂದರವಾಗಿರಬೇಕಿಲ್ಲ. ಜೇಡ ಎಂಥ ಗಿಡದಲ್ಲಿ, ಎಂಥ ಜಾಗದಲ್ಲಿ ಇತ್ತು ಎಂದು ಇದೊಂದೇ ಹೇಳುತ್ತದೆ. ಇದನ್ನು ಬಿಡುವವರೇ ಜಾಸ್ತಿ.

ಎರಡನೆಯದು: ಪೂರ್ತಿ ಬಲೆ. ಒಂದು ಮೀಟರಿನಿಂದ. ಜೊತೆಗೆ ಬಂದವರು ಹಿಂದೆ ಕೊಡೆ ಹಿಡಿಯಲಿ. ಕೊಡೆ ನಿಧಾನವಾಗಿ ಕೆಳಗಿನಿಂದ ಮೇಲಕ್ಕೆ ಬರಲಿ, ಥಟ್ಟನೆ ಬಿಚ್ಚಬೇಡಿ. ಬಿಳಿ ದಾರ ಎಷ್ಟು ಕೈ ಇದೆ ಎಂದು ಎಣಿಸಲು ಬರುವ ಹಾಗಿರಬೇಕು.

ಮೂರನೆಯದು: ಬೆನ್ನು. ಜೇಡ ಬಲೆಯ ಒಂದು ಬದಿಯಲ್ಲಿ ಕೂತಿರುತ್ತದೆ. ಅಡಿಹೊಟ್ಟೆ ಬಲೆಯ ಕಡೆಗೆ, ಬೆನ್ನು ಹೊರಗೆ. ಬೆನ್ನು ಕಾಣುವ ಬದಿಗೆ ಬಂದು 25ರಿಂದ 30 ಸೆಂಟಿಮೀಟರ್ ದೂರದಲ್ಲಿ ನಿಂತು, ಫೋನನ್ನು 2 ಪಟ್ಟು ಜೂಮ್‌ಗೆ ಇಡಿ. ಇನ್ನೂ ಹತ್ತಿರ ಹೋಗುವುದಕ್ಕಿಂತ ಇಷ್ಟು ಜೂಮ್ ಮಾಡುವುದೇ ಒಳ್ಳೆಯದು.

ಫೋಕಸ್ ಸಿಗುತ್ತಿಲ್ಲ ಅಲ್ವಾ? ಎಲ್ಲರ ಗೋಳೂ ಇದೇ. ಹೀಗೆ ಮಾಡಿ. ಬಲೆಯ ಪಕ್ಕದಲ್ಲಿ, ಬಲೆಗೆ ತಾಗದಂತೆ, ಜೇಡ ಇರುವಷ್ಟೇ ದೂರದಲ್ಲಿ ಒಂದು ಎಲೆ ಇರುತ್ತದೆ. ಇಲ್ಲದಿದ್ದರೆ ನಿಮ್ಮ ಎಡಗೈ ಬೆರಳನ್ನೇ ಅಲ್ಲಿ ಹಿಡಿಯಿರಿ. ಪರದೆಯ ಮೇಲೆ ಅದನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಅದೇ ದೂರ ಕಾಪಾಡಿಕೊಂಡು ಫೋನನ್ನು ಜೇಡದ ಕಡೆ ತಿರುಗಿಸಿ. ಪರದೆಯ ಮೇಲೆ ಬೆಳಕು ಹೆಚ್ಚು ಕಡಿಮೆ ಮಾಡುವ ಗೆರೆಯನ್ನು ಸ್ವಲ್ಪ ಕೆಳಗೆ ಎಳೆದು ಫೋಟೊ ಕೊಂಚ ಕಪ್ಪಾಗಿಸಿ, ಆಗ ಬಿಳಿ, ಹಳದಿ ಪಟ್ಟೆಗಳು ಕರಗುವುದಿಲ್ಲ. ಗಾಳಿ ಬೀಸುತ್ತಿದ್ದರೆ ಬಲೆ ತೂಗಿ ತಿರುಗುವ ಹೊತ್ತಿಗೆ ಒಂದು ಕ್ಷಣ ನಿಲ್ಲುತ್ತದೆ. ಆಗ ಸತತ ಹತ್ತು ಹನ್ನೆರಡು ಫೋಟೊ ಹೊಡೆಯಿರಿ. ಒಂದಾದರೂ ಚೆನ್ನಾಗಿ ಬರುತ್ತದೆ.

ಫೋನು ಬಲೆಗೆ ಸಮಾನಾಂತರವಾಗಿರಲಿ. ಬಲೆ ವಾಲಿದ್ದರೆ ಫೋನೂ ಅಷ್ಟೇ ವಾಲಬೇಕು. ಇಲ್ಲದಿದ್ದರೆ ತಲೆ ಸ್ಪಷ್ಟ ಬಂದು ಹೊಟ್ಟೆ ಮಸುಕಾಗುತ್ತದೆ. ಕ್ಯಾಮೆರಾ ಇದ್ದವರು 90 ಅಥವಾ 100 ಮಿಲಿಮೀಟರಿನ ಮ್ಯಾಕ್ರೊ ಲೆನ್ಸ್, ಎಫ್ 8ರಿಂದ 11, ಶಟರ್ 1/250ಕ್ಕಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು.

ನಾಲ್ಕನೆಯದು: ಅಡಿಹೊಟ್ಟೆ. ಐದರಲ್ಲಿ ಒಂದನ್ನೇ ತೆಗೆಯಲು ಸಾಧ್ಯ ಎಂದಾದರೆ ನಾನು ಇದನ್ನೇ ತೆಗೆಯುತ್ತೇನೆ. ಬೆನ್ನಿನ ಪಟ್ಟೆ ಒಂದೇ ಜಾತಿಯಲ್ಲೂ ಬದಲಾಗುತ್ತದೆ, ವಯಸ್ಸಿನ ಜೊತೆಗೂ ಬದಲಾಗುತ್ತದೆ. ಅಡಿಹೊಟ್ಟೆಯ ಬಿಳಿ, ಹಳದಿ ಗುರುತುಗಳು, ಹೊಟ್ಟೆ ಶುರುವಾಗುವ ಕಡೆ ನಡುವೆ ಇರುವ ಸಣ್ಣ ಗಟ್ಟಿ ಉಬ್ಬು ಬಲ್ಲವರಿಗೆ ತುಂಬ ಹೇಳುತ್ತವೆ. ಆ ಉಬ್ಬು ಬಲಿತ ಹೆಣ್ಣಿನ ಜನನಾಂಗ, ಎಪಿಗೈನ್ ಅಂತ ಅದಕ್ಕೆ ಹೆಸರು. ಸಹಿ ಜೇಡಗಳ ಜಾತಿ ತೀರ್ಮಾನ ಆಗುವುದು ಬಹುಮಟ್ಟಿಗೆ ಅದರ ಮೇಲೇ.

ತೆಗೆಯುವುದು ಕಷ್ಟವಲ್ಲ. ಜೇಡವನ್ನು ಮುಟ್ಟಬೇಕಿಲ್ಲ. ಎರಡು ಮೀಟರ್ ದೂರಕ್ಕೆ ಬಂದು, ಸುತ್ತು ಹಾಕಿ ಬಲೆಯ ಇನ್ನೊಂದು ಬದಿಗೆ ಹೋಗಿ. ಬಲೆಯ ಎಳೆಗಳ ಮೂಲಕವೇ ಅಡಿಹೊಟ್ಟೆ ಕಾಣುತ್ತದೆ. ಆ ಬದಿಯಲ್ಲಿ ಪೊದೆ ಒತ್ತಾಗಿದ್ದರೆ ಪೊದೆ ಸರಿಸಬೇಡಿ, ಕೈ ಮಾತ್ರ ತೂರಿಸಿ ಫೋನ್ ಹಿಡಿಯಿರಿ, ವಾಲ್ಯೂಮ್ ಬಟನ್ ಒತ್ತಿ. ಆಗದಿದ್ದರೆ ಬಿಡಿ. ಬಲೆಯ ಎಳೆಗಳ ಮೇಲೆ ಫೋಕಸ್ ಹೋಗದ ಹಾಗೆ ಮತ್ತೆ ಲಾಕ್ ಮಾಡಿಕೊಳ್ಳಿ.

ಐದನೆಯದು: ಅಳತೆ. ಸ್ಕೇಲನ್ನು ಜೇಡ ಇರುವ ದೂರದಲ್ಲೇ, ಬಲೆಗೆ ತಾಗದಂತೆ ಪಕ್ಕದಲ್ಲಿ ಹಿಡಿದು ಒಂದು ಫೋಟೊ. ಅಳತೆ ಎಂದರೆ ತಲೆಯ ತುದಿಯಿಂದ ಹೊಟ್ಟೆಯ ತುದಿವರೆಗೆ, ಕಾಲು ಸೇರಿಸಬಾರದು. "ನಾಲ್ಕು ಇಂಚಿನ ಜೇಡ" ಎಂದು ಬರುವ ವರದಿಗಳೆಲ್ಲ ಕಾಲು ಸೇರಿಸಿದವು. ಇದನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ಸ್ಕೇಲು ಹತ್ತಿರ ಬಂದಾಗ ಜೇಡ ಓಡಿದರೂ ಉಳಿದ ನಾಲ್ಕು ನಿಮ್ಮ ಬಳಿ ಇರುತ್ತವೆ.

## ಹಂತ 5: ಅಲ್ಲೇ ನಿಂತು ಬರೆಯುವುದು

ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಮರೆತುಹೋಗುತ್ತದೆ. ದಿನ, ಹೊತ್ತು, ನೆಲದಿಂದ ಬಲೆಯ ನಡುವಿಗೆ ಎಷ್ಟು ಎತ್ತರ, ಯಾವ ಗಿಡ, ಬಿಳಿ ದಾರದ ಕೈ ಎಷ್ಟು, ಬಲೆಯಲ್ಲಿ ಯಾವ ಬೇಟೆ ಸುತ್ತಿಟ್ಟಿತ್ತು. ಇಷ್ಟು ಸಾಕು. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಊರಿನವರು ಏನನ್ನುತ್ತಾರೋ ಅದನ್ನೇ ಬರೆಯಿರಿ.

ಬಲೆಯ ಅಂಚನ್ನೂ ಒಮ್ಮೆ ನೋಡಿ. ಅಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಜೇಡಗಳು ಇರಬಹುದು. ಎರಡು ಬಗೆ. ಕಂದು ಬಣ್ಣದ, ತೆಳ್ಳಗಿನ, ಸಪ್ಪೆಯಾಗಿ ಕಾಣುವುದು ಸಹಿ ಜೇಡದ ಗಂಡು. ಹೆಣ್ಣಿನ ಮುಂದೆ ಅದು ಏನೂ ಅಲ್ಲ, ನಾಲ್ಕೈದು ಮಿಲಿಮೀಟರ್ ಅಷ್ಟೆ. ಬೆಳ್ಳಿಯ ಹನಿಯ ಹಾಗೆ ಹೊಳೆಯುವ, ಹೊಟ್ಟೆ ಗೋಪುರದಂತೆ ಎದ್ದಿರುವುದು ಆರ್ಗೈರೋಡಿಸ್. ಅದು ಬೇರೆ ಕುಟುಂಬದ ಜೇಡ, ಪರರ ಬಲೆಯಲ್ಲಿ ಕೂತು ಬೇಟೆ ಕದಿಯುವ ಕಳ್ಳ. ಈ ಕಳ್ಳನನ್ನೇ "ಸಹಿ ಜೇಡದ ಮರಿ" ಅಥವಾ "ಗಂಡು" ಎಂದು ಬರೆದು ಕಳಿಸುವವರು ಬಹಳ. ಅದಕ್ಕೂ ಒಂದು ಬೇರೆ ಫೋಟೊ ತೆಗೆದು, ಬೇರೆ ದಾಖಲೆ ಮಾಡಿ.

## ಹಂತ 6: ಹೆಸರು ಹೇಳುವುದು, ಎಲ್ಲಿ ನಿಲ್ಲಿಸಬೇಕು ಎನ್ನುವುದು

ಫೋಟೊ ಹುಡುಕುವ ಆಪ್‌ಗಳು ಮೊದಲು ತೋರಿಸುವ ಹೆಸರನ್ನು ಹಾಗೇ ನಂಬಬೇಡಿ. ತುಮಕೂರಿನ ಬೇಲಿಯ ಜೇಡಕ್ಕೆ ಆರ್ಗಿಯೋಪೆ ಆರಾನ್ಶಿಯಾ ಎಂಬ ಹೆಸರು ತೋರಿಸಿದರೆ ಅದು ತಪ್ಪು. ಅದು ಅಮೆರಿಕದ ಜೇಡ.

ನಮ್ಮಲ್ಲಿ ಸಾಮಾನ್ಯವಾಗಿ ಎದುರಾಗುವ ಹೆಸರುಗಳು ಕೆಲವೇ. ಆರ್ಗಿಯೋಪೆ ಅನಸೂಜ ಮತ್ತು ಆರ್ಗಿಯೋಪೆ ಪುಲ್ಕೆಲ್ಲ, ಎರಡೂ ಸುಮಾರು ಒಂದು ಸೆಂಟಿಮೀಟರಿನ ಹೆಣ್ಣುಗಳು, ಐದು ಮೂಲೆಯ ಹೊಟ್ಟೆ, ಅಗಲ ಅಡ್ಡ ಪಟ್ಟೆ. ಹಿತ್ತಲಿನಲ್ಲಿ ಸಿಗುವವು ಹೆಚ್ಚಾಗಿ ಈ ಎರಡರಲ್ಲಿ ಒಂದು. ಇವೆರಡನ್ನು ಬೆನ್ನಿನ ಫೋಟೊದಿಂದ ಬೇರ್ಪಡಿಸಲು ಹೋಗಬೇಡಿ. ಆರ್ಗಿಯೋಪೆ ಎಮುಲ ಇವಕ್ಕಿಂತ ತುಂಬ ದೊಡ್ಡದು, ಹೆಣ್ಣು ಎರಡು ಸೆಂಟಿಮೀಟರ್ ದಾಟುತ್ತದೆ. ಹೊಟ್ಟೆ ಮೊಟ್ಟೆಯಾಕಾರ, ಹಳದಿಯ ಮೇಲೆ ಒತ್ತಾದ ಸಣ್ಣ ಕಪ್ಪು ಗೆರೆಗಳು. ಆರ್ಗಿಯೋಪೆ ಕೆಟೆನುಲೇಟ ಗದ್ದೆ, ಹುಲ್ಲುಗಾವಲಿನದು. ಹೊಟ್ಟೆಯ ಅಂಚು ಸೀಳು ಸೀಳಾಗಿ ಹಲ್ಲಿನಂತಿದ್ದರೆ ಆರ್ಗಿಯೋಪೆ ಲೋಬೇಟ ಇರಬಹುದು.

ಅಡಿಹೊಟ್ಟೆಯ ಫೋಟೊ ಇಲ್ಲ, ಅಥವಾ ಜೇಡ ಇನ್ನೂ ಮರಿ ಎಂದಾದರೆ "ಆರ್ಗಿಯೋಪೆ" ಎಂಬಲ್ಲಿಗೇ ನಿಲ್ಲಿಸಿ. ಅದು ಸೋಲಲ್ಲ, ಸರಿಯಾದ ಉತ್ತರ. ಊಹೆಯ ಮೇಲೆ ಬರೆದ ಜಾತಿಯ ಹೆಸರು, ಯಾವ ಜೇಡ ಎಲ್ಲಿದೆ ಎಂದು ತೋರಿಸುವ ನಕ್ಷೆಯ ಮೇಲೆ ಕೂತರೆ ಅದನ್ನು ತೆಗೆಯಲು ಮುಂದೆ ಯಾರೋ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಯಾವ ಹೆಸರು ಈಗ ಚಾಲ್ತಿಯಲ್ಲಿದೆ ಎಂದು ನೋಡಬೇಕಾದರೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಮ್ಯೂಸಿಯಂ ನಡೆಸುವ ವರ್ಲ್ಡ್ ಸ್ಪೈಡರ್ ಕ್ಯಾಟಲಾಗ್ ಎಂಬ ಆನ್‌ಲೈನ್ ಪಟ್ಟಿ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು.

## ಹಂತ 7: ದಾಖಲೆಗೆ ಸೇರಿಸುವುದು

ಕಂಡ ಜೀವಿಗಳ ಫೋಟೊಗಳನ್ನು ಜನರೇ ಸೇರಿಸುವ ವೆಬ್‌ಸೈಟುಗಳಿವೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಯಾವುದಾದರೂ ಸರಿ. ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ.

ಮೊದಲನೆಯದು, ವಾಟ್ಸ್‌ಆಪ್‌ನಲ್ಲಿ ಬಂದ ಫೋಟೊ ಹಾಕುವುದು. ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೊ ಚಿಕ್ಕದಾಗುತ್ತದೆ, ಅದರೊಳಗಿದ್ದ ಜಾಗದ ಮಾಹಿತಿ, ತೆಗೆದ ಹೊತ್ತು ಅಳಿಸಿಹೋಗುತ್ತದೆ. ಫೋಟೊ ತೆಗೆದ ಫೋನಿನಿಂದಲೇ ಸೇರಿಸಿ. ಬೇರೆಯವರು ತೆಗೆದದ್ದನ್ನು ನಿಮ್ಮ ಹೆಸರಿನಲ್ಲಿ ಹಾಕಬೇಡಿ, ಅವರಿಗೇ ಖಾತೆ ತೆರೆಯಲು ಹೇಳಿ.

ಎರಡನೆಯದು, ಐದು ಫೋಟೊಗಳನ್ನು ಐದು ದಾಖಲೆಯಾಗಿ ಹಾಕುವುದು. ಒಂದು ಜೇಡ, ಒಂದು ದಿನ, ಒಂದು ದಾಖಲೆ. ಎಲ್ಲ ಫೋಟೊಗಳೂ ಅದರೊಳಗೆ. ಬೆನ್ನಿನದು ಮೊದಲಿರಲಿ, ಅಡಿಹೊಟ್ಟೆಯದು ಎರಡನೆಯದು.

ಮೂರನೆಯದು, ಜಾಗವನ್ನು ಬರೀ "ಕರ್ನಾಟಕ" ಎಂದು ಬಿಡುವುದು. ನಕ್ಷೆಯಲ್ಲಿ ನಿಂತಿದ್ದ ಜಾಗವನ್ನೇ ಗುರುತು ಮಾಡಿ. ನಿಮ್ಮ ಮನೆಯ ಹಿತ್ತಲಾಗಿದ್ದು, ವಿಳಾಸ ತೋರಿಸಲು ಇಷ್ಟ ಇಲ್ಲದಿದ್ದರೆ ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ಆಯ್ಕೆ ಇದೆ.

ಆಮೇಲೆ ಕಾಯಿರಿ. ಯಾರಾದರೂ ನೀವು ಬರೆದ ಹೆಸರು ತಿದ್ದಿದರೆ ಬೇಸರ ಬೇಡ. ಯಾಕೆ ಎಂದು ಕೇಳಿ. ನಾನು ಕಲಿತದ್ದರಲ್ಲಿ ಹೆಚ್ಚಿನ ಪಾಲು ಹೀಗೆ ಕೇಳಿಯೇ ಕಲಿತದ್ದು.

## ಹಂತ 8: ಅದೇ ಜೇಡವನ್ನು ವಾರಗಟ್ಟಲೆ ನೋಡುವುದು

ಕಡ್ಡಾಯವಲ್ಲ, ಆದರೆ ನನಗೆ ಇದೇ ಇಷ್ಟದ ಭಾಗ. ಹೆಣ್ಣು ಅದೇ ಪೊದೆಯಲ್ಲಿ ದಿನಗಟ್ಟಲೆ ಇರುವುದರಿಂದ ದಿನಾ ಐದು ನಿಮಿಷ ಸಾಕು. ಮಿಡತೆ ಬಲೆಗೆ ಬಿದ್ದಾಗ ನೋಡಿ. ಮೊದಲು ಕಚ್ಚುವುದಿಲ್ಲ. ಹಿಂಗಾಲಿನಿಂದ ರೇಷ್ಮೆಯ ಅಗಲ ಪಟ್ಟಿ ಎಳೆದು ಅದನ್ನು ಉರುಳಿಸಿ ಉರುಳಿಸಿ ಸುತ್ತುತ್ತದೆ. ಒದೆಯುವ ಕಾಲು ನಿಂತ ಮೇಲೆ ಕಚ್ಚುತ್ತದೆ.

ಒಂದು ದಿನ ಜೇಡ ಮಂಕಾಗಿ, ಪಕ್ಕದಲ್ಲಿ ತನ್ನದೇ ಖಾಲಿ ಚರ್ಮ ನೇತಾಡುತ್ತಿದ್ದರೆ ಅದು ಪೊರೆ ಬಿಟ್ಟಿದೆ. ಮೈ ಇನ್ನೂ ಮೆತ್ತಗಿರುತ್ತದೆ, ಬಿದ್ದರೆ ಕಾಲು ಮುರಿಯಬಹುದು. ಅವತ್ತು ದೂರದಿಂದಲೇ ನೋಡಿ. ಗಂಡು ಅಂಚಿನಿಂದ ನಡುವಿಗೆ ಬಂದು ಎಳೆ ಮೀಟುತ್ತಿದ್ದರೂ ಹತ್ತಿರ ಹೋಗಬೇಡಿ. ಕೂಡಿದ ಮೇಲೆ ಹೆಣ್ಣು ಗಂಡನ್ನು ತಿಂದುಬಿಡುವುದು ಈ ಕುಲದಲ್ಲಿ ಸಾಮಾನ್ಯ.

ಜೇಡ ಇದ್ದಕ್ಕಿದ್ದಂತೆ ಮಾಯವಾಗಿ ಬಲೆ ಮಾತ್ರ ಉಳಿದಿದ್ದರೆ ಗೋಡೆಯ ಮೂಲೆಯ ಮಣ್ಣಿನ ಗೂಡು ನೆನಪು ಮಾಡಿಕೊಳ್ಳಿ. ಅದನ್ನು ಕಟ್ಟುವ ಕಣಜಗಳು ಜೇಡಗಳನ್ನು ಚುಚ್ಚಿ ನಿಶ್ಚಲಗೊಳಿಸಿ ತಮ್ಮ ಮರಿಗಳಿಗೆಂದು ಒಳಗೆ ತುಂಬಿಡುತ್ತವೆ.

ಹೊಟ್ಟೆ ತುಂಬ ಊದಿದ್ದ ಹೆಣ್ಣು ಒಂದು ಬೆಳಗ್ಗೆ ಸಣ್ಣಗಾಗಿದ್ದರೆ ಅಕ್ಕಪಕ್ಕದ ಎಲೆಗಳ ಅಡಿ ನೋಡಿ. ಮಾಸಲು ಹಸಿರು ಬಣ್ಣದ, ಕಾಗದದಂಥ ಚೀಲವೊಂದು ಎಳೆಗಳಿಂದ ಬಿಗಿದು ನೇತಾಡುತ್ತಿರುತ್ತದೆ. ಒಳಗೆ ನೂರಾರು ಮೊಟ್ಟೆ. ಒಡೆದು ನೋಡಬೇಡಿ, ಮನೆಯೊಳಗೆ ತಂದು ಇಡಬೇಡಿ.

## ಮನೆಯವರು ಹೆದರಿದರೆ

ಇದಕ್ಕೊಂದು ಮಾತು ಹೇಳಲೇಬೇಕು, ಯಾಕೆಂದರೆ ಎಷ್ಟೋ ಜೇಡಗಳು ಮೂರನೇ ದಿನ ಪೊರಕೆಯ ಪಾಲಾಗುತ್ತವೆ. ಮೈಮೇಲೆ ನೀರುಗುಳ್ಳೆ ಎದ್ದರೆ "ಜೇಡ ಹರಿದಿದೆ" ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಅಂಥ ಗುಳ್ಳೆಗಳಲ್ಲಿ ಕೆಲವು ಸರ್ಪಸುತ್ತು, ಅದು ವೈರಸ್‌ನಿಂದ ಬರುವುದು. ಇನ್ನು ಕೆಲವು ಮಳೆಗಾಲದಲ್ಲಿ ದೀಪಕ್ಕೆ ಬರುವ ಪೀಡೆರಸ್ ಎಂಬ ಕೆಂಪು ಕಪ್ಪು ಸಣ್ಣ ಜೀರುಂಡೆಯನ್ನು ಮೈಮೇಲೆ ಉಜ್ಜಿದಾಗ ಆಗುವ ಸುಟ್ಟ ಗಾಯ. ಸಹಿ ಜೇಡ ಬಲೆ ಬಿಟ್ಟು ನಿಮ್ಮ ಹಾಸಿಗೆಗೆ ಬರುವುದಿಲ್ಲ. ಮಕ್ಕಳನ್ನು ಎರಡು ಮೀಟರ್ ದೂರದಲ್ಲಿ ನಿಲ್ಲಿಸಿ, ಮಿಡತೆ ಸುತ್ತುವುದನ್ನು ಒಮ್ಮೆ ತೋರಿಸಿ. ಆಮೇಲೆ ಅವರೇ ಕಾವಲು ಕಾಯುತ್ತಾರೆ.

ಓಡಾಡುವ ದಾರಿಗೇ ಬಲೆ ಕಟ್ಟಿದ್ದರೆ ಜೇಡವನ್ನು ಹಿಡಿಯಬೇಡಿ. ಸಂಜೆ ಹೊತ್ತು ದಾರಿಗೆ ಅಡ್ಡ ಬಂದ ಆಧಾರದ ಎಳೆ ಒಂದನ್ನು ಮಾತ್ರ ಕಡ್ಡಿಯಿಂದ ಬಿಡಿಸಿ. ಹೆಚ್ಚಾಗಿ ಮರುದಿನ ಅದು ಸ್ವಲ್ಪ ಪಕ್ಕಕ್ಕೆ ಕಟ್ಟಿಕೊಳ್ಳುತ್ತದೆ. ನವೆಂಬರಿನಲ್ಲಿ ಬೇಲಿ ಕತ್ತರಿಸುವ ಕೆಲಸ ಇದ್ದರೆ ಆ ಹಸಿರು ಚೀಲ ಇರುವ ಕೊಂಬೆಗೆ ಮೊದಲೇ ಒಂದು ಬಣ್ಣದ ದಾರ ಕಟ್ಟಿ, ಕೆಲಸಕ್ಕೆ ಬಂದವರಿಗೆ ತೋರಿಸಿ. ಆ ಒಂದು ಕೊಂಬೆಯನ್ನು ಮರಿಗಳು ಹೊರಬರುವವರೆಗೆ ಹಾಗೇ ಬಿಡಿ.